ಹಲಸಿನ ಹಲಗೆ ಸೀಳಿದ ದಿನ

ಸಾಗರ, ಜುಲೈ 14, 2024, ಭಾನುವಾರ

ಪುಸ್ತಕದ ಕಪಾಟಿನ ಬಾಗಿಲಿಗೆ ಬೇಕಾದ ಹಲಗೆಗಳು ಇವತ್ತು ಸಿಕ್ಕವು. ಒಂದೂವರೆ ಇಂಚು ದಪ್ಪ, ಎಂಟು ಇಂಚು ಅಗಲದ ಹಲಸಿನ ಹಲಗೆಯನ್ನು ಬ್ಯಾಂಡ್ ಸಾದಲ್ಲಿ, ಅಂದರೆ ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿಯಂಥ ಗರಗಸದಲ್ಲಿ, ಅಂಚಿನ ಮೇಲೆ ನಿಲ್ಲಿಸಿ ಸೀಳಿ ಮೂರು ಮಾಡಿದೆ. ನಮ್ಮ ಹಿತ್ತಲಿನದೇ ಮರ. ಹಿಂದೊಂದು ಮಳೆಗಾಲದಲ್ಲಿ ಗಾಳಿಗೆ ಬುಡಸಮೇತ ಉರುಳಿತ್ತು. ಸಾ ಮಿಲ್ಲಿನಲ್ಲಿ ಕೊಯ್ಸಿ, ನಡುನಡುವೆ ರೀಪು ಇಟ್ಟು ಅಟ್ಟದ ಮೇಲೆ ಒಟ್ಟಿದ್ದೆವು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ ಹಿಡಿದು ಒಣಗಿಸುವುದು ರೂಢಿ. ಅಷ್ಟು ಕಾದ ಮೇಲೆಯೇ ಕೆಳಗಿಳಿಸಿದ್ದು.

ಮನೆಯಲ್ಲಿ ಮರಗೆಲಸ ಶುರು ಮಾಡುವವರು ಮೊದಲು ಯಾವ ಮೆಷಿನ್ ತಗೋಬೇಕು ಅಂತ ಕೇಳಿದರೆ ನಾನು ಬ್ಯಾಂಡ್ ಸಾ ಅಂತಲೇ ಹೇಳುತ್ತೇನೆ. ವಿಡಿಯೊ ನೋಡಿದವರಿಗೆ ಮೇಜಿನ ನಡುವಿಂದ ದುಂಡು ಬ್ಲೇಡ್ ಮೇಲೆದ್ದಿರುವ ಟೇಬಲ್ ಸಾ ಬೇಕು. ಅಮೆರಿಕದವರಿಗೆ ಅದು ಸರಿ. ಅಲ್ಲಿ ಅಂಗಡಿಗೆ ಹೋದರೆ ಒಂದೇ ದಪ್ಪದ, ನೇರವಾದ ಹಲಗೆ ಸಿಗುತ್ತದೆ. ನಮ್ಮ ಕಡೆ ಮರ ಬರುವ ರೀತಿಯೇ ಬೇರೆ. ತೋಟದಲ್ಲಿ ಬಿದ್ದ ಹಲಸು, ಹಳೇ ಮನೆ ಬಿಚ್ಚಿದಾಗ ಸಿಕ್ಕ ನಂದಿ ತೊಲೆ, ಮತ್ತಿಯ ಜಂತಿ, ಯಾರೋ ಕೊಟ್ಟ ಹೊನ್ನೆಯ ತುಂಡು. ಒಂದೂ ಇನ್ನೊಂದರ ದಪ್ಪ ಇರುವುದಿಲ್ಲ. ಅದನ್ನು ನಮಗೆ ಬೇಕಾದ ದಪ್ಪಕ್ಕೆ ತರುವುದೇ ಅರ್ಧ ಕೆಲಸ. ಹತ್ತು ಇಂಚು ಬ್ಲೇಡಿನ ಟೇಬಲ್ ಸಾ ಒಂದು ಸಲಕ್ಕೆ ಮೂರು ಇಂಚಿನಷ್ಟು ಆಳ ಕೊಯ್ಯುತ್ತದೆ, ಅಷ್ಟೇ. ಎಂಟು ಇಂಚಿನ ಹಲಗೆಯನ್ನು ಎರಡೂ ಕಡೆಯಿಂದ ಕೊಯ್ದರೂ ನಡುವೆ ಉಳಿದುಬಿಡುತ್ತದೆ. ಜೊತೆಗೆ ಪ್ರತಿ ಕೊಯ್ತಕ್ಕೂ ಮೂರು ಮಿಲಿಮೀಟರ್ ಮರ ಪುಡಿಯಾಗಿ ಹೋಗುತ್ತದೆ. ಬ್ಯಾಂಡ್ ಸಾದಲ್ಲಿ ಹೋಗುವುದು ಒಂದು ಮಿಲಿಮೀಟರಿನ ಆಸುಪಾಸು. ಇವತ್ತು ಮೂರನೇ ಹಲಗೆಯ ದಪ್ಪ ಉಳಿದದ್ದು ಅದರಿಂದಲೇ.

ಬ್ಯಾಂಡ್ ಸಾ ಕೊಂಡು ಮೂಲೆಗೆ ತಳ್ಳಿದವರೂ ಇದ್ದಾರೆ. ನೇರ ಕೊಯ್ಯುವುದಿಲ್ಲ ಅನ್ನುವುದೇ ಎಲ್ಲರ ದೂರು. ನೋಡಿದರೆ ಬ್ಲೇಡ್ ಮೊಂಡಾಗಿರುತ್ತದೆ, ಇಲ್ಲವೇ ಜೋಡಣೆ ಸರಿ ಇರುವುದಿಲ್ಲ. ಅದಕ್ಕೆ ಸಮಯ ಕೊಡಲೇಬೇಕು. ನನ್ನದು 14 ಇಂಚಿನ ಮೆಷಿನ್, ಅಂದರೆ ಚಕ್ರದ ವ್ಯಾಸ ಅಷ್ಟು. ಮೇಲೊಂದು ಕೆಳಗೊಂದು ಚಕ್ರ, ಅವುಗಳ ಅಂಚಿಗೆ ರಬ್ಬರ್, ರಬ್ಬರಿನ ಮೇಲೆ ಓಡುವ ಬ್ಲೇಡ್. ಬೆಳಿಗ್ಗೆ ಅರ್ಧ ಇಂಚು ಅಗಲದ ಬ್ಲೇಡ್ ಹಾಕಿದೆ. ಇಂಚಿಗೆ ಮೂರೇ ಹಲ್ಲು. ಹೀಗೆ ಸೀಳುವಾಗ ಹಲ್ಲು ಜಾಸ್ತಿ ಇರಬಾರದು. ಹಲ್ಲುಗಳ ನಡುವಿನ ಕುಳಿ ದೊಡ್ಡದಿದ್ದರೆ ಪುಡಿ ಅದರಲ್ಲಿ ಕೂತು ಕೆಳಗಿಳಿಯುತ್ತದೆ. ಕುಳಿ ಸಣ್ಣದಾದರೆ ಪುಡಿ ತುಂಬಿಕೊಂಡು, ಬ್ಲೇಡ್ ಬಿಸಿಯಾಗಿ, ಒಳಗೊಳಗೇ ಸೊಟ್ಟ ಹೋಗುತ್ತದೆ. ಮೇಲಿಂದ ಗೆರೆ ಸರಿಯಾಗಿಯೇ ಕಾಣುತ್ತಿರುತ್ತದೆ!

ಮೊದಲು ಪ್ಲಗ್ ಕೀಳುವುದು. ಹಲ್ಲು ಕೆಳಮುಖವಾಗಿ ಬರುವಂತೆ ಬ್ಲೇಡ್ ಕೂರಿಸಿ ಬಿಗಿ ಮಾಡುವುದು. ಮೇಲಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾ, ಬ್ಲೇಡ್ ರಬ್ಬರಿನ ನಡುವೆಯೇ ಓಡುವ ತನಕ ಟ್ರ್ಯಾಕಿಂಗ್ ತಿರುಪು ಹೊಂದಿಸುವುದು. ಬ್ಲೇಡ್ ಅತ್ತಿತ್ತ ಸರಿಯದಂತೆ ಹಿಡಿಯುವ ಗೈಡ್ ಮುಟ್ಟುವುದು ಆಮೇಲೆ. ಪಕ್ಕದ ಬೇರಿಂಗಿಗೂ ಬ್ಲೇಡಿಗೂ ನಡುವೆ ಒಂದು ಕಾಗದ ಹಿಡಿಯುವಷ್ಟು ಸಂದು ಸಾಕು. ಬೇರಿಂಗ್ ಹಲ್ಲಿಗೆ ತಾಗಲೇಬಾರದು, ಕುಳಿಗಿಂತ ಹಿಂದೆ ನಿಲ್ಲಬೇಕು. ಬೆನ್ನಿನ ಬೇರಿಂಗ್ ಖಾಲಿ ಓಡುವಾಗ ತಿರುಗಬಾರದು, ಮರ ಒತ್ತಿದ ಕೂಡಲೇ ತಿರುಗಬೇಕು. ಈ ಕ್ರಮ ಹಿಂದುಮುಂದು ಮಾಡಿದರೆ ಎಲ್ಲ ಮೊದಲಿಂದ ಶುರು. ಯಾಕೆಂದರೆ ಬಿಗಿ ಬದಲಾದರೆ ಬ್ಲೇಡಿನ ದಾರಿ ಬದಲಾಗುತ್ತದೆ, ದಾರಿ ಬದಲಾದರೆ ಗೈಡಿನ ಸಂದು ಕೆಡುತ್ತದೆ. ಕೊನೆಗೆ ಮೂಲೆಮಟ್ಟ ಇಟ್ಟು ಟೇಬಲ್ ಬ್ಲೇಡಿಗೆ ನೇರವಿದೆಯಾ ಅಂತ ನೋಡಿದೆ.

ಇನ್ನೊಂದಿದೆ. ಕೆಲವು ಬ್ಲೇಡುಗಳು ಒಂದು ಪಕ್ಕಕ್ಕೆ ಎಳೆಯುತ್ತವೆ. ರದ್ದಿ ತುಂಡಿನ ಮೇಲೆ ಅಂಚಿಗೆ ಸಮನಾಗಿ ಒಂದು ಗೆರೆ ಹಾಕಿ, ಫೆನ್ಸ್ (ಮರವನ್ನು ಒರಗಿಸಿ ತಳ್ಳುವ ನೇರ ಪಟ್ಟಿ) ಇಲ್ಲದೆ ಕೈಯಲ್ಲೇ ಗೆರೆ ಹಿಡಿದು ಅರ್ಧದಷ್ಟು ಕೊಯ್ದು ನಿಲ್ಲಿಸಬೇಕು. ಆಗ ತುಂಡು ಯಾವ ಕೋನಕ್ಕೆ ನಿಂತಿದೆಯೋ ಆ ಕೋನಕ್ಕೆ ಫೆನ್ಸ್ ತಿರುಗಿಸಿದರೆ ಆಯ್ತು. ಐದು ನಿಮಿಷದ ಕೆಲಸ, ಅಷ್ಟಕ್ಕೇ ಎಷ್ಟೊಂದು ಹಲಗೆ ಉಳಿಯುತ್ತದೆ.

ಮೆಷಿನ್ ಹಾಕಿದ ಮೇಲೆ ನಾನು ಮೊದಲು ಕಿವಿಗೊಡುವುದು ಬ್ಲೇಡಿನ ಎರಡು ತುದಿ ಸೇರಿಸಿದ ಬೆಸುಗೆಗೆ. ಬೆಸೆದ ಜಾಗ ಉಬ್ಬಿದ್ದರೆ ಪ್ರತಿ ಸುತ್ತಿಗೂ ಗೈಡಿನಲ್ಲಿ ಟಕ್ ಟಕ್ ಅನ್ನುತ್ತದೆ. ಹೊಸದಾಗಿ ಟಕ್ ಅನ್ನಲು ಶುರುವಾದರೆ ಬಿರುಕೂ ಬಿಟ್ಟಿರಬಹುದು, ಕೂಡಲೇ ನಿಲ್ಲಿಸಬೇಕು. ಈ ಮೆಷಿನ್ನಿನ ಇಡೀ ಚರಿತ್ರೆಯೇ ಆ ಬೆಸುಗೆಯಲ್ಲಿದೆ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 19ನೇ ಶತಮಾನದ ಶುರುವಿನಲ್ಲೇ ಬ್ಯಾಂಡ್ ಸಾಗೆ ಪೇಟೆಂಟ್ ಪಡೆದಿದ್ದ. ಆದರೆ ಚಕ್ರದ ಮೇಲೆ ಬಾಗಿ ಬಾಗಿ ತುಂಡಾಗದ ಬ್ಲೇಡ್ ಯಾರ ಕೈಲೂ ಆಗಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಹೆಣ್ಣುಮಗಳು ಬೆಸೆಯುವ ಉಪಾಯ ಕಂಡುಹಿಡಿದ ಮೇಲೆಯೇ ದಾರಿ ತೆರೆದದ್ದು. ಆಕೆ ಆ ಹಕ್ಕನ್ನು ಪ್ಯಾರಿಸ್ಸಿನ ಪೆರಾಂ ಕಂಪನಿಗೆ ಮಾರಿದಳು. ಇವತ್ತು ನಮ್ಮೂರ ಸಾ ಮಿಲ್ಲುಗಳಲ್ಲಿ ಓಡುವ ದೊಡ್ಡ ಬ್ಲೇಡುಗಳ ಹಿಂದೆಯೂ ಅವಳ ಕೆಲಸವಿದೆ. ಆಕೆಯ ಹೆಸರು ಮರಗೆಲಸದವರಿಗೆಲ್ಲ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಸೀಳುವ ಹೊತ್ತಿಗೆ ಪಕ್ಕದ ಮನೆ ಆಚಾರ್ರು ಛತ್ರಿ ಮಡಚುತ್ತಾ ಬಂದರು.

"ಇಷ್ಟು ಸಣ್ಣ ಪಟ್ಟಿ ಎಂಟಿಂಚು ಎಳೀತದಾ ಮಾರಾಯ್ರೆ?"

"ಎಳೀತದೆ ಆಚಾರ್ರೆ, ಆದ್ರೆ ಅವಸರ ಮಾಡ್ಬಾರ್ದು. ನೋಡಿ ಬೇಕಾದ್ರೆ."

ಅವರು ಹುಡುಗರಾಗಿದ್ದಾಗ ದಿಮ್ಮಿಯನ್ನು ಎತ್ತರಕ್ಕೆ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದರಂತೆ. ಕೆಳಗಿನವನ ಕಣ್ಣು, ಮೂಗಿನ ತುಂಬ ಪುಡಿ. ಈಗ ಅವರ ಅಂಗಡಿಯಲ್ಲಿ ಕೈಯಲ್ಲಿ ಹಿಡಿಯುವ ದುಂಡು ಬ್ಲೇಡಿನ ಕಟರ್ ಮೆಷಿನ್ ತಲೆಕೆಳಗಾಗಿ ಬೆಂಚಿಗೆ ಬೋಲ್ಟ್ ಹಾಕಿದೆ. ಊರಿನ ಅರ್ಧ ಬಡಗಿಗಳದ್ದೂ ಅದೇ ವ್ಯವಸ್ಥೆ. ಗಾರ್ಡ್ ಇಲ್ಲ. ಮರ ಕಚ್ಚಿಕೊಂಡರೆ ಎದೆಗೆ ಹಾರುತ್ತದೆ. ನನಗೆ ಅದನ್ನು ನೋಡಿದರೆ ನಿಜಕ್ಕೂ ಭಯ. ಬ್ಯಾಂಡ್ ಸಾದಲ್ಲಿ ಬ್ಲೇಡ್ ಮರವನ್ನು ಕೆಳಗೆ ಟೇಬಲಿಗೇ ಒತ್ತುತ್ತದೆ, ಹಿಂದಕ್ಕೆ ಎಸೆಯುವುದಿಲ್ಲ. ಹಾಗಂತ ಮೈಮರೆಯುವ ಹಾಗಿಲ್ಲ. ದುಂಡಗಿನ ಕೊಂಬೆಯನ್ನು ಸುಮ್ನೆ ಕೈಯಲ್ಲಿ ಹಿಡಿದು ಒಡ್ಡಿದರೆ ಹಲ್ಲು ಕಚ್ಚಿ ಗಿರ್ರನೆ ಉರುಳಿಸಿ ಕೈ ಒಳಗೆಳೆಯುತ್ತದೆ. ಅಂಥದ್ದನ್ನು ಹಲಗೆಗೆ ತಿರುಪು ಹಾಕಿ ಬಿಗಿದೇ ಕೊಯ್ಯಬೇಕು. ಮೇಲಿನ ಗೈಡ್ ಮರದ ಮೇಲೆ ಅರ್ಧ ಇಂಚಿನೊಳಗೆ ಇಳಿಸಿರಬೇಕು. ಕೊನೆಯ ಗೇಣು ತಳ್ಳುವಾಗ ಬೆರಳಲ್ಲ, ಕೋಲು. ಹಳೇ ತೊಲೆಯಾದರೆ ಮೊದಲು ಮೊಳೆ ಹುಡುಕಬೇಕು. ಒಂದೇ ಒಂದು ಮೊಳೆ ಸಾಕು, ಬ್ಲೇಡಿನ ಹಲ್ಲೆಲ್ಲ ಹೋಯಿತು.

ಕೊಯ್ತ ಶುರುವಾದ ಮೇಲೆ ಕೈಗೆ ಗೊತ್ತಾಗುತ್ತದೆ. ಸದ್ದು ಒಂದೇ ಸಮ ಇದ್ದರೆ ವೇಗ ಸರಿ. ಸದ್ದು ದಪ್ಪಗಾದರೆ ಜಾಸ್ತಿ ಒತ್ತುತ್ತಿದ್ದೇವೆ ಅಂತ. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜ್ ಬಿದ್ದಾಗಲೂ ಹೀಗೇ ಆಗುತ್ತದೆ, ಆಗ ಹಿಂದೆ ಸರಿದು ಕಾಯುವುದೇ. ಹಲಸಿನ ಪುಡಿ ಅಪ್ಪಟ ಅರಿಶಿನ ಬಣ್ಣ. ಬರ್ಮಾ, ಥಾಯ್ಲೆಂಡಿನ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗಿನಿಂದ ಬಣ್ಣ ತೆಗೆಯುತ್ತಿದ್ದರು ಅನ್ನುವುದು ಈ ಪುಡಿ ನೋಡಿದರೆ ನಂಬುವಂಥದ್ದೇ. ಎಷ್ಟು ಚಂದವಿದ್ದರೂ ಉಸಿರಿಗೆ ಹೋಗಬಾರದು. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಯಲ್ಲೇ ಇದೆ. ಮಾಸ್ಕ್ ಇಲ್ಲದೆ ನಾನು ಸ್ವಿಚ್ ಮುಟ್ಟುವುದಿಲ್ಲ, ಆಚಾರ್ರಿಗೂ ಒಂದು ಕೊಟ್ಟೆ.

ಸೀಳಿದ ಅಕ್ಕಪಕ್ಕದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿದ ಹಾಗೆ ತೆರೆದು ಬೆಂಚಿನ ಮೇಲಿಟ್ಟೆ. ಒಂದು ಗಂಟು ಎರಡೂ ಕಡೆ ಎದುರುಬದುರಾಗಿ ಬಂದಿದೆ. ಅದರ ಸುತ್ತ ಸುಳಿದ ಎಳೆಗಳೂ ಹಾಗೇ. ಆಚಾರ್ರು ಹೆಬ್ಬೆರಳಿನಿಂದ ಎಳೆ ಸವರಿ, "ಇದನ್ನ ಬಾಗಿಲ ನಡುವಿಗೆ ಹಾಕಿ, ಅಂಚಿಗೆ ಬೇಡ" ಅಂದರು. ಹಾಗೇ ಮಾಡುತ್ತೇನೆ.

ಆದರೆ ಈಗಲೇ ಕೀಸುವುದಿಲ್ಲ. ದಪ್ಪ ಹಲಗೆಯ ಒಳಭಾಗ ಈಗಷ್ಟೇ ಗಾಳಿ ಕಂಡಿದೆ, ಸ್ವಲ್ಪ ಬಾಗಿಯೇ ಬಾಗುತ್ತದೆ. ಮತ್ತೆ ರೀಪು ಇಟ್ಟು, ಮೇಲೆ ಭಾರ ಹೇರಿದ್ದೇನೆ. ಬಾಗುವುದೆಲ್ಲ ಬಾಗಿ ಮುಗಿಯಲಿ. ಚೌಕಟ್ಟಿನಲ್ಲಿ ಕೊರೆದ ಗಾಡಿಯೊಳಗೆ (ಉದ್ದದ ತೋಡಿನೊಳಗೆ) ಹಲಗೆಗೆ ಅಂಟು ಹಾಕುವುದೂ ಇಲ್ಲ, ಸಡಿಲ ಬಿಡುತ್ತೇನೆ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಉಬ್ಬಿರುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಂಟಿಸಿಬಿಟ್ಟರೆ ಏಪ್ರಿಲ್ ಹೊತ್ತಿಗೆ ಬಿರುಕು ಗ್ಯಾರಂಟಿ.

ಸಂಜೆ ಬ್ಲೇಡಿನ ಬಿಗಿ ಸಡಿಲಿಸಿದೆ. ಹಾಗೇ ಬಿಟ್ಟರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ಎರಕದ ಕಬ್ಬಿಣದ ಟೇಬಲಿಗೆ ಮೇಣ ತಿಕ್ಕಿದೆ. ಈ ಥಂಡಿಯಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿದುಬಿಡುತ್ತದೆ.

ಮುಂದಿನ ವಾರ ಕಾಲಿಂಚಿನ ಬ್ಲೇಡ್ ಹಾಕಿ ಹೊನ್ನೆ ತುಂಡಿನಲ್ಲಿ ಬಾಗಿಲಿನ ಹಿಡಿ ಮಾಡಬೇಕು. ಬರೆದಿಟ್ಟ ನಕ್ಷೆಯಲ್ಲಿ ಒಂದು ತಿರುವು ಅರ್ಧ ಇಂಚು ತ್ರಿಜ್ಯಕ್ಕಿಂತ ಕಡಿಮೆ ಇದೆ. ಕಾಲಿಂಚಿನ ಬ್ಲೇಡ್ ಅಷ್ಟು ತಿರುಗುವುದಿಲ್ಲ. ತಿರುವನ್ನು ಮುಕ್ಕಾಲು ಇಂಚಿಗೆ ಹಿಗ್ಗಿಸಿ ರಟ್ಟಿನಲ್ಲಿ ಹೊಸದಾಗಿ ಕತ್ತರಿಸಿದ್ದೇನೆ. ಕೈಗೆ ಹಿಡಿಯಲು ಇದೇ ಹೆಚ್ಚು ಹಿತವಾಗಿದೆ.