ಉಪವಾಸದ ಭಾನುವಾರ, ಬ್ರೆಡ್ಡಿನ ಘಮ

ಶನಿವಾರ ಮಧ್ಯಾಹ್ನ ಉಂಡ ಮೇಲೆ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಅಮೆರಿಕದ ಯೂಟಾದ ಬೇಸಿಗೆ ಗಾಳಿ ಬಲು ಒಣ. ಬೆಳಿಗ್ಗೆ ಏಳುವ ಹೊತ್ತಿಗೆ ತುಟಿ ಬಿರಿದು, ನಾಲಿಗೆ ಅಂಗುಳಿಗೆ ಅಂಟಿತ್ತು. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಉಳಿದದ್ದನ್ನು ಇಲ್ಲದವರಿಗೆ ಕೊಡುವುದು ನಮ್ಮ ಸಭೆಯ, ಅಂದರೆ ಮಾರ್ಮನ್ ಎಂದು ಜನ ಕರೆಯುವ ಕ್ರೈಸ್ತ ಸಭೆಯ, ವ್ರತ. ಹಸಿವನ್ನು ದೇವರಿಗೆ ಒಪ್ಪಿಸುವುದು ನನಗೇನೂ ಹೊಸದಲ್ಲ. ಏಕಾದಶಿ ಹಿಡಿಯುತ್ತಿದ್ದ ತಾಯಿಯ ಮಗಳು ನಾನು.

ಈ ಸಲ ನನ್ನನ್ನು ಕರಗಿಸಿದ್ದು ಹಸಿವಲ್ಲ, ಒಂದು ಘಮ.

ಯೇಸುವಿನ ನೆನಪಿಗೆ ಬ್ರೆಡ್ಡು ಮುರಿದು ಹಂಚುವ ಪ್ರಭುವಿನ ಸಂಸ್ಕಾರಕ್ಕೆ ಬೇಕಾದ ಬ್ರೆಡ್ಡನ್ನು ನಮ್ಮ ವಾರ್ಡಿಗೆ, ಅಂದರೆ ನಮ್ಮ ಊರಿನ ಸಭೆಗೆ, ಒಬ್ಬ ಅಜ್ಜಿಯೇ ಮನೆಯಲ್ಲಿ ಮಾಡಿ ತರುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಆಮೇಲೆ ಅಂಗಡಿಯ ಬ್ರೆಡ್ಡೇ ಗತಿಯಾಯಿತು. ಮೊನ್ನೆ ಅವರ ಮೊಮ್ಮಗಳು ಮನೆಯಲ್ಲೇ ಮಾಡಿ ತಂದಿದ್ದಳು. ಬಿಳಿ ಬಟ್ಟೆ ಸರಿಸಿ ಹುಡುಗರು ಮುರಿಯತೊಡಗಿದ್ದೇ ತಡ, ಗೋಧಿಯ, ಜೇನಿನ, ಕಂದು ಅಂಚಿನ ಆ ಘಮ ಮೂರನೇ ಸಾಲಿಗೂ ಬಂತು. ಕಣ್ಣು ಮುಚ್ಚಿದರೆ ಅಜ್ಜಿ ಪಕ್ಕದಲ್ಲೇ ಕೂತಂತೆ! ಪ್ರಾರ್ಥನೆ ಹೇಳುವ ಹುಡುಗ ಒಂದು ಪದ ತಪ್ಪಿದ. ಅಕ್ಷರ ತಪ್ಪದೆ ಹೇಳಬೇಕಾದ ಪ್ರಾರ್ಥನೆ ಅದು. ವಾರ್ಡಿನ ಹಿರಿಯರಾದ ಬಿಷಪ್ಪರ ಮುಖ ನೋಡಿ ಮತ್ತೆ ಮೊದಲಿಂದ ಶುರು ಮಾಡಿದ. ಇಡೀ ಸಭೆ ಉಸಿರು ಬಿಗಿಹಿಡಿದು ಅವನ ಜೊತೆ ನಿಂತಿತ್ತು. ಉಗುರಿನಗಲದ ಆ ತುಣುಕನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಯೇಸುವಿನ ದೇಹದ ನೆನಪು ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ.

ಅಜ್ಜಿ ತಮ್ಮ ತಂದೆಯ ಕತೆ ಹೇಳುತ್ತಿದ್ದರು. ಹನ್ನೆರಡು ವರ್ಷದ ಡೀಕನ್ (ಸಭೆಯ ಸೇವೆಗೆ ನೇಮಕವಾದ) ಹುಡುಗ, ಉಪವಾಸದ ಕಾಣಿಕೆ ಕೂಡಿಸಲು ಕುದುರೆ ಗಾಡಿ ಹೊಡೆದುಕೊಂಡು ಮನೆಮನೆಯ ಬಾಗಿಲು ತಟ್ಟುತ್ತಿದ್ದನಂತೆ. ಒಂದು ಮನೆಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಆಲೂಗೆಡ್ಡೆ, ಮತ್ತೊಂದರಲ್ಲಿ ಬೆಣ್ಣೆ. ತಾನೂ ಹಸಿದುಕೊಂಡೇ ಬೇರೆಯವರಿಗಾಗಿ ಮೂಟೆ ಹೊರುತ್ತಿದ್ದ.

ಈ ಉಪವಾಸದ ಬೇರು ಅಮೆರಿಕದ ಓಹಾಯೋದ ಕರ್ಟ್‌ಲ್ಯಾಂಡಿನಲ್ಲಿದೆ. 1836ರಲ್ಲಿ ಪ್ರತಿಷ್ಠೆಯಾದ ನಮ್ಮ ಮೊದಲ ದೇವಾಲಯದ ಕಾಲದಲ್ಲಿ ತಿಂಗಳ ಮೊದಲ ಗುರುವಾರ ಉಪವಾಸ ಕೂತು, ಹಿಟ್ಟು ಬೆಣ್ಣೆಗಳನ್ನು ಬಡವರಿಗೆಂದು ತಂದಿಡುತ್ತಿದ್ದರು ಎಂದು ನಮ್ಮ ಸಭೆಯ ಎರಡನೇ ಅಧ್ಯಕ್ಷ ಬ್ರಿಗಮ್ ಯಂಗ್ ನೆನೆಸಿಕೊಂಡಿದ್ದಾರೆ. 1855ರಲ್ಲಿ ಯೂಟಾದ ಬೆಳೆಯನ್ನು ಮಿಡತೆ ಮತ್ತು ಬರ ತಿಂದುಹಾಕಿದಾಗ, ತಟ್ಟೆಯಲ್ಲಿ ಇದ್ದದ್ದೇ ಕಡಿಮೆ. ಅದರಲ್ಲೂ ಹಂಚಿಕೊಂಡೇ ಜನ ಬದುಕಿದರು. ಗುರುವಾರ ಹೋಗಿ ಭಾನುವಾರ ಬಂದದ್ದು 1896ರಲ್ಲಿ.

ಈಗ ಫೋನ್ ಒತ್ತಿದರೆ ಕಾಣಿಕೆ ತಲುಪುತ್ತದೆ. ತಲುಪಲಿ, ಒಳ್ಳೆಯದೇ. ಆದರೆ ಹಣ ಕೊಟ್ಟು ಉಪವಾಸವನ್ನೇ ಬಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕಾಯಿಲೆಯವರು, ಬಸುರಿಯರು, ಎಳೆಯ ಮಕ್ಕಳು ಬಿಡಲಿ, ಅವರಿಗೆ ಈ ವ್ರತವಿಲ್ಲ. ಗಟ್ಟಿಮುಟ್ಟಾಗಿರುವ ನಾವು ‘ತಲೆನೋವು ಬರುತ್ತೆ’ ಅಂದುಬಿಟ್ಟರೆ ಹೇಗೆ? ಹಸಿದವನಿಗೆ ನಿನ್ನ ರೊಟ್ಟಿ ಹಂಚು ಎಂದು ಬೈಬಲಿನ ಪ್ರವಾದಿ ಯೆಶಾಯ ಹೇಳಿದ್ದು ಉಪವಾಸದ ಮಾತಿನ ನಡುವೆಯೇ ಅಲ್ಲವೇ?

ಅಜ್ಜಿ ಕಾಣಿಕೆಯ ಲಕೋಟೆಯನ್ನು ಶನಿವಾರವೇ ಹಿಟ್ಟಿನ ಡಬ್ಬದ ಮೇಲಿಡುತ್ತಿದ್ದರು. ಒಮ್ಮೆ ಎಷ್ಟು ಕೊಡಬೇಕೆಂದು ಕೇಳಿದ್ದೆ. “ಸಪ್ಪೆ ಸೂಪಿನ ಬೆಲೆ ಹಾಕಬೇಡ ಮಗಳೇ, ಥ್ಯಾಂಕ್ಸ್‌ಗಿವಿಂಗ್ ಊಟದ ಬೆಲೆ ಹಾಕು” ಅಂದಿದ್ದರು. 2020ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮ ಸಭೆಯ ದೇವಾಲಯಕ್ಕೆ ಮೊದಲ ಗುದ್ದಲಿ ಬಿದ್ದಾಗ ನನಗಿಂತ ಹೆಚ್ಚು ಅತ್ತವರೂ ಅವರೇ.

ಮುಂದಿನ ತಿಂಗಳ ಬ್ರೆಡ್ಡು ನನ್ನದು ಎಂದು ಹೇಳಿ ಬಂದಿದ್ದೇನೆ. ಶನಿವಾರ ರಾತ್ರಿ, ಹೊಟ್ಟೆ ಚುರುಗುಟ್ಟುವಾಗಲೇ ಹಿಟ್ಟು ನಾದಬೇಕು ಅಂದಳು ಮೊಮ್ಮಗಳು. ಅಜ್ಜಿ ಹಾಗೇ ಮಾಡುತ್ತಿದ್ದರಂತೆ.