ಡಾಟ್ ಪಿಡಿಎಫ್ ಯಾರ ಪಾಲು?

ಹಳೇ ಪಿಡಿಎಫ್ ಸಾಫ್ಟ್‌ವೇರ್ ದುಬಾರಿಯಾಯಿತು, ಬೇರೆಯದಕ್ಕೆ ಹೋಗಿ ಅಂತ ನಮ್ಮ ಐಟಿ ವಿಭಾಗಕ್ಕೆ ಮೇಲಿನಿಂದ ಮೇಲ್ ಬಂತು. ಯಾವಾಗ ಮಾಡಿದರೆ ಒಳ್ಳೇದು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಲೈಸೆನ್ಸ್ ತಿಂಗಳ ಕೊನೆಗೆ ಮುಗಿಯುತ್ತಿತ್ತು, ಹಾಗಾಗಿ ಕಟ್‌ಓವರ್ (ಹಳೇದು ಬಿಟ್ಟು ಹೊಸದಕ್ಕೆ ಹೋಗೋದು) ಕೂಡ ತಿಂಗಳ ಕೊನೆಗೇ. ಅವತ್ತು ಅಕೌಂಟ್ಸ್‌ನವರಿಗೆ ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್ ಇರುತ್ತೆ ಅನ್ನೋದು ಚೇಂಜ್ ಅಪ್ರೂವ್ ಮಾಡಿದ ಯಾರ ತಲೆಗೂ ಹೊಳೆಯಲಿಲ್ಲ.

ಪ್ಲಾನ್ ಸರಳವಾಗಿತ್ತು. ರಾತ್ರಿ ಎಲ್ಲ ಮೆಷಿನ್‌ಗೂ ನೆಟ್‌ವರ್ಕ್‌ನಿಂದಲೇ ಹೊಸ ಪ್ಯಾಕೇಜ್ ಪುಶ್, ಹಳೇದು ಅನ್‌ಇನ್‌ಸ್ಟಾಲ್, ಯಾವ ಫೈಲ್ ಯಾವ ಆ್ಯಪ್‌ನಲ್ಲಿ ತೆರೆಯಬೇಕು ಅನ್ನೋ ಡಿಫಾಲ್ಟ್ ಪಟ್ಟಿಯ ಎಕ್ಸ್‌ಎಂಎಲ್ ಫೈಲ್ ಅನ್ನು ವಿಂಡೋಸ್‌ನ ಡಿಸಮ್ ಕಮಾಂಡ್‌ನಿಂದ ಇಂಪೋರ್ಟ್. ಟೆಸ್ಟ್ ಮೆಷಿನ್‌ನಲ್ಲಿ ಹೊಸ ಯೂಸರ್ ಮಾಡಿ ಲಾಗಿನ್ ಆದೆ. ಡಬಲ್ ಕ್ಲಿಕ್ ಮಾಡಿದ ಕೂಡಲೇ ಹೊಸ ರೀಡರ್ ತೆರೆಯಿತು. ಸ್ಕ್ರೀನ್‌ಶಾಟ್ ತೆಗೆದು ಟಿಕೆಟ್‌ಗೆ ಅಂಟಿಸಿ ಮನೆಗೆ ಹೋದೆ.

ಬೆಳಿಗ್ಗೆ ದೂರಿನ ಟಿಕೆಟ್‌ಗಳ ಕ್ಯೂ ತುಂಬಿ ಹೋಗಿತ್ತು. ಒಬ್ಬರಿಗೆ ಪಿಡಿಎಫ್ ಬ್ರೌಸರ್‌ನಲ್ಲಿ ತೆರೆಯುತ್ತಿದೆ. ಇನ್ನೊಬ್ಬರಿಗೆ ಯಾವ ಆ್ಯಪ್ ಬೇಕು ಅಂತ ಕೇಳುತ್ತಿದೆ. ಎಲ್ಲಕ್ಕಿಂತ ಜಾಸ್ತಿ ಬಂದದ್ದು ಒಂದೇ ದೂರು: ಡಿಜಿಟಲ್ ಸೈನ್ ಹಾಕೋ ಬಟನ್ ಕಾಣ್ತಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಅದು ಎಲ್ಲಿಂದ ಬರಬೇಕು?

ಪ್ಯಾಕೇಜ್ ಸರಿಯಾಗಿ ಇಳಿದಿಲ್ಲ ಅಂದುಕೊಂಡೆ. ಒಂದೇ ಒಂದು ಮೆಷಿನ್‌ನ ಸ್ಟಾರ್ಟ್ ಮೆನು ನೋಡಿದ್ದರೂ ಸಾಕಿತ್ತು, ಹೊಸ ರೀಡರ್ ಅಲ್ಲೇ ಕೂತಿತ್ತು. ನಾನು ನೋಡಲಿಲ್ಲ. ಎಲ್ಲರಿಗೂ ಮತ್ತೊಮ್ಮೆ ಪುಶ್ ಕೊಟ್ಟೆ. ಅದರ ಪ್ರೋಗ್ರೆಸ್ ಬಾರ್ ತೆವಳುತ್ತಾ ಹೋಗುವಾಗ ಅಕೌಂಟ್ಸ್ ಮ್ಯಾನೇಜರ್ ನನ್ನ ಕುರ್ಚಿ ಹಿಂದೆ ಬಂದು ನಿಂತರು.

"ಹನ್ನೆರಡರೊಳಗೆ ಪೇಮೆಂಟ್ ಅಡ್ವೈಸ್ ಸೈನ್ ಆಗಿ ಹೋಗ್ಬೇಕು. ಆಗುತ್ತಾ?"

"ಐದು ನಿಮಿಷ ಮೇಡಂ."

ಐಟಿಯವರ ಐದು ನಿಮಿಷ ಎಷ್ಟು ಉದ್ದ ಅಂತ ಅವರಿಗೂ ಗೊತ್ತು. ಅಲ್ಲೇ ನಿಂತರು. ಪುಶ್ ಮುಗಿಯಿತು. ಏನೂ ಬದಲಾಗಲಿಲ್ಲ.

ಆಗ ಡಾಕ್ಯುಮೆಂಟೇಷನ್ ತೆಗೆದೆ. ಡಿಸಮ್‌ನಿಂದ ಇಂಪೋರ್ಟ್ ಮಾಡಿದ ಪಟ್ಟಿ ಆ ಮೆಷಿನ್‌ಗೆ ಮೊದಲ ಸಲ ಲಾಗಿನ್ ಆಗುವ ಯೂಸರ್‌ಗೆ ಮಾತ್ರ ಅನ್ವಯ. ಈಗಾಗಲೇ ಪ್ರೊಫೈಲ್ ಇರುವವರನ್ನು ಅದು ಮುಟ್ಟೋದೇ ಇಲ್ಲ. ನಾನು ಟೆಸ್ಟ್ ಮಾಡಿದ್ದು ಹೊಸ ಯೂಸರ್‌ನಲ್ಲಿ, ಆಫೀಸಿನಲ್ಲಿ ಇದ್ದದ್ದೆಲ್ಲ ಹಳೇ ಪ್ರೊಫೈಲ್‌ಗಳು.

ವಿಂಡೋಸ್ ಫೈಲ್ ಒಳಗೆ ಏನಿದೆ ಅಂತ ನೋಡುವುದಿಲ್ಲ, ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ಮಾತ್ರ ನೋಡುತ್ತದೆ. ಡಾಟ್ ಪಿಡಿಎಫ್ ಅಂತ ಕಂಡರೆ ಅದಕ್ಕೆ ಯಾವ ಪ್ರೊಗ್‌ಐಡಿ (ಪ್ರೋಗ್ರಾಂನ ಗುರುತಿನ ಹೆಸರು) ಕಟ್ಟಿದೆ ಅಂತ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ಹುಡುಕುತ್ತದೆ. ಆ ಪ್ರೊಗ್‌ಐಡಿ ಕೆಳಗೆ ಶೆಲ್, ಓಪನ್, ಕಮಾಂಡ್ ಅಂತ ಇಳಿಯುತ್ತಾ ಹೋದರೆ ಪ್ರೋಗ್ರಾಂನ ಪೂರ್ತಿ ಪಾತ್ ಇರುತ್ತದೆ, ಅದರ ಪಕ್ಕ ಪರ್ಸೆಂಟ್ ಒಂದು. ಆ ಜಾಗಕ್ಕೆ ನೀವು ಕ್ಲಿಕ್ ಮಾಡಿದ ಫೈಲ್‌ನ ಹೆಸರು ಹೋಗಿ ಕೂರುತ್ತದೆ, ಅಷ್ಟೇ. ಇಡೀ ಮೆಷಿನ್‌ಗೆ ಅಂತ ಬರೆದದ್ದು ಒಂದು ಕಡೆ, ಆ ಯೂಸರ್‌ಗೆ ಅಂತ ಬರೆದದ್ದು ಇನ್ನೊಂದು ಕಡೆ, ಎರಡೂ ಇದ್ದರೆ ಯೂಸರ್‌ದೇ ಗೆಲ್ಲುತ್ತದೆ. ಇವೆಲ್ಲದರ ಮೇಲೆ ಯೂಸರ್‌ಚಾಯ್ಸ್ ಅನ್ನೋ ಕೀ, ಯೂಸರ್ ಆರಿಸಿದ ಆ್ಯಪ್ ಯಾವುದು ಅಂತ ರಿಜಿಸ್ಟ್ರಿಯಲ್ಲಿ ಬರೆದಿಡುವ ಜಾಗ. ನಮ್ಮವರೆಲ್ಲರ ಯೂಸರ್‌ಚಾಯ್ಸ್ ಇನ್ನೂ ಹಳೇ ರೀಡರ್ ಕಡೆಗೇ ಬೆರಳು ತೋರಿಸುತ್ತಿತ್ತು. ಆ ರೀಡರ್ ಅನ್ನು ರಾತ್ರಿ ನಾನೇ ತೆಗೆದು ಹಾಕಿದ್ದೆ.

ಸರಿ, ಆ ಕೀಯನ್ನೇ ಬದಲಾಯಿಸೋಣ ಅಂತ ಸ್ಕ್ರಿಪ್ಟ್ ಬರೆದೆ. ಹಳೇ ಕೀ ಡಿಲೀಟ್, ಹೊಸ ಪ್ರೊಗ್‌ಐಡಿ ಹಾಕಿ ಮತ್ತೆ ಕ್ರಿಯೇಟ್. ಮೇಡಂ ಅವರ ಮೆಷಿನ್‌ಗೆ ರಿಮೋಟ್ ಆಗಿ ಓಡಿಸಿದೆ. ರಿಜಿಸ್ಟ್ರಿ ತೋರಿಸುವ ರೆಜ್‌ಎಡಿಟ್‌ನಲ್ಲಿ ಹೊಸ ಹೆಸರು ಚೆನ್ನಾಗಿಯೇ ಕಾಣಿಸುತ್ತಿತ್ತು. "ಈಗ ಕ್ಲಿಕ್ ಮಾಡಿ ಮೇಡಂ" ಅಂದೆ, ಒಂಥರಾ ಗತ್ತಿನಲ್ಲೇ. ಅವರು ತಮ್ಮ ಸೀಟಿಗೆ ಹೋಗಿ ಕ್ಲಿಕ್ ಮಾಡಿದರು. ಮೂಲೆಯಲ್ಲಿ ಆ್ಯಪ್ ಡಿಫಾಲ್ಟ್ ರಿಸೆಟ್ ಆಗಿದೆ ಅಂತ ಒಂದು ಸಂದೇಶ ಬಂತು, ಫೈಲ್ ಮತ್ತೆ ಬ್ರೌಸರ್‌ನಲ್ಲೇ ತೆರೆಯಿತು.

ಯೂಸರ್‌ಚಾಯ್ಸ್‌ನಲ್ಲಿ ಪ್ರೊಗ್‌ಐಡಿ ಪಕ್ಕದಲ್ಲಿ ಹ್ಯಾಶ್ ಅಂತ ಇನ್ನೊಂದು ವ್ಯಾಲ್ಯೂ ಇರುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈ ವ್ಯವಸ್ಥೆ. ಯಾವ ಯೂಸರ್, ಯಾವ ಬಾಲ, ಯಾವ ಪ್ರೊಗ್‌ಐಡಿ, ಕೀ ಯಾವಾಗ ಬರೆದದ್ದು, ಇವೆಲ್ಲ ಸೇರಿಸಿ ಲೆಕ್ಕ ಹಾಕಿದ ಮುದ್ರೆಯಂಥ ಅಕ್ಷರಗಳ ಸಾಲೇ ಆ ಹ್ಯಾಶ್. ತಾಳೆ ಆಗದಿದ್ದರೆ ಯಾರೋ ಹಿಂಬಾಗಿಲಿಂದ ಬರೆದಿದ್ದಾರೆ ಅಂತ ವಿಂಡೋಸ್ ಅದನ್ನು ಎಸೆಯುತ್ತದೆ. ಬೈಯೋ ಹಾಗೂ ಇಲ್ಲ, ಅಲ್ವಾ? ಮೊದಲೆಲ್ಲ ಯಾವುದೋ ಪ್ಲೇಯರ್ ಇನ್‌ಸ್ಟಾಲ್ ಮಾಡಿದರೆ ಅದು ಕೇಳದೆಯೇ ಎಲ್ಲ ಹಾಡು, ವಿಡಿಯೋಗಳನ್ನು ತನ್ನದು ಮಾಡಿಕೊಳ್ಳುತ್ತಿತ್ತು. ಅವತ್ತು ನನ್ನ ಸ್ಕ್ರಿಪ್ಟ್ ಮಾಡಲು ಹೊರಟಿದ್ದೂ ಅದೇ ಕೆಲಸ.

ಹನ್ನೆರಡರ ಗಡುವು ಉಳಿಸಿದ್ದು ರೈಟ್ ಕ್ಲಿಕ್. ಸೈನ್ ಮಾಡಬೇಕಾದವರ ಪಟ್ಟಿ ತೆಗೆದುಕೊಂಡು ಒಬ್ಬೊಬ್ಬರಿಗೇ ಫೋನ್: ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ಗೆ ಹೋಗಿ, ಹೊಸದನ್ನು ಆರಿಸಿ, ಯಾವಾಗಲೂ ಇದನ್ನೇ ಬಳಸು ಅನ್ನೋದನ್ನು ಒತ್ತಿ. ಯೂಸರ್ ತಾನೇ ಕೈಯಾರೆ ಆರಿಸಿದರೆ ಹ್ಯಾಶ್ ಸರಿಯಾಗಿ ಬೀಳುತ್ತದೆ. ನಡುವೆ ಒಬ್ಬರು ಗಾಬರಿಯಲ್ಲಿ ನೋಟ್‌ಪ್ಯಾಡ್ ಆರಿಸಿ ಯಾವಾಗಲೂ ಅಂತ ಒತ್ತಿಬಿಟ್ಟಿದ್ದರು. ಸ್ಕ್ರೀನ್ ತುಂಬ ಕಸದಂಥ ಅಕ್ಷರ, ಆದರೆ ಮೊದಲ ಸಾಲಿನಲ್ಲಿ ಸ್ಪಷ್ಟವಾಗಿ ಪರ್ಸೆಂಟ್ ಚಿಹ್ನೆ, ಪಿಡಿಎಫ್, ಹೈಫನ್, 1.7. ಫೈಲ್ ತಾನು ಯಾರು ಅಂತ ಬಾಯಿಬಿಟ್ಟು ಹೇಳುತ್ತಿತ್ತು. ಲಿನಕ್ಸ್‌ನ ಫೈಲ್ ಕಮಾಂಡ್ ಆದರೆ ಒಳಗಿನ ಈ ಗುರುತು ನೋಡಿಯೇ ಉತ್ತರ ಕೊಡುತ್ತದೆ. ಹಳೇ ಮ್ಯಾಕ್‌ಗಳಲ್ಲಂತೂ ಹೆಸರಿಗೆ ಬಾಲವೇ ಬೇಕಿರಲಿಲ್ಲ, ಇದು ಯಾವ ಬಗೆಯ ಫೈಲ್, ಯಾವ ಪ್ರೋಗ್ರಾಂ ಮಾಡಿದ್ದು ಅಂತ ನಾಲ್ಕು ನಾಲ್ಕು ಅಕ್ಷರದ ಎರಡು ಕೋಡ್ ಪ್ರತಿ ಫೈಲ್ ಜೊತೆಗೂ ಇರುತ್ತಿತ್ತು.

ಮಧ್ಯಾಹ್ನ ಅದೇ ಎಕ್ಸ್‌ಎಂಎಲ್ ಅನ್ನು ಎಲ್ಲ ಮೆಷಿನ್‌ಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿಗೆ ಹಾಕಿದೆ. ಅದು ಪ್ರತಿ ಲಾಗಿನ್‌ಗೂ ಅನ್ವಯ ಆಗುತ್ತದೆ, ಹಳೇ ಪ್ರೊಫೈಲ್‌ಗೂ. ಎಲ್ಲರೂ ಲಾಗ್ ಆಫ್ ಮಾಡಿ ಬನ್ನಿ ಅಂದದ್ದಕ್ಕೆ ಅರ್ಧ ಜನ ಸ್ಕ್ರೀನ್ ಲಾಕ್ ಮಾಡಿ ಬಂದರು, ಅದು ಬೇರೆ ಕಥೆ. ತಪ್ಪು ಯಾಕಾಯಿತು ಅಂತ ಹುಡುಕುವ ಆರ್‌ಸಿಎ ಮೀಟಿಂಗ್‌ನಲ್ಲಿ ಮೂಲ ಕಾರಣ "ವಿಂಡೋಸ್ ಇಶ್ಯೂ" ಅಂತ ಬರೆಯಿರಿ ಅಂದರು. ನಾನು "ಇರುವ ಪ್ರೊಫೈಲ್‌ನಲ್ಲಿ ಟೆಸ್ಟ್ ಮಾಡಿಲ್ಲ, ಕ್ಲೋಸಿಂಗ್ ದಿನ ಕಟ್‌ಓವರ್ ಇಟ್ಟಿದ್ದು" ಅಂತ ಬರೆದೆ. ಎರಡನೇ ಭಾಗವನ್ನು ಯಾರೋ ಅಳಿಸಿದ್ದಾರೆ.

ಒಂದು ಟಿಕೆಟ್ ಮಾತ್ರ ಉಳಿಯಿತು. ಹೊಸ ರೀಡರ್ ಫೈಲ್ ಡ್ಯಾಮೇಜ್ ಆಗಿದೆ ಅನ್ನುತ್ತಿದೆಯಂತೆ. ನೋಟ್‌ಪ್ಯಾಡ್‌ನಲ್ಲಿ ತೆರೆದೆ, ಮೊದಲ ಎರಡಕ್ಷರ ಪಿ, ಕೆ. ಅದು ಜಿಪ್ ಫೈಲ್‌ನ ಗುರುತು, ಜಿಪ್ ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವರ್ಡ್‌ನ ಡಾಕ್‌ಎಕ್ಸ್ ಕೂಡ ಒಳಗೊಳಗೆ ಜಿಪ್ಪೇ. ಕಳಿಸಿದವರು ವರ್ಡ್ ಫೈಲ್‌ನ ಬಾಲ ಬದಲಾಯಿಸಿ ಪಿಡಿಎಫ್ ಮಾಡಿದೆ ಅಂತ ನಂಬಿದ್ದರು.

ಇದೇ ಸಮಯ ಅಂತ ಬಾಲ ಬಚ್ಚಿಡುವ ಸೆಟ್ಟಿಂಗ್ ಅನ್ನೂ ಪಾಲಿಸಿಯಲ್ಲಿ ಆಫ್ ಮಾಡಿದೆ. 2000ದ ಐ ಲವ್ ಯೂ ವೈರಸ್ ಅಷ್ಟು ಜನರನ್ನು ಏಮಾರಿಸಿದ್ದಕ್ಕೆ ಈ ಸೆಟ್ಟಿಂಗ್ ಕೂಡ ಒಂದು ಕಾರಣ: ಡಾಟ್ ಟಿಎಕ್ಸ್‌ಟಿ ಕಾಣುತ್ತಿತ್ತು, ಅದರ ಮುಂದಿನ ಡಾಟ್ ವಿಬಿಎಸ್ (ಕ್ಲಿಕ್ ಮಾಡಿದರೆ ಓಡುವ ಸ್ಕ್ರಿಪ್ಟ್‌ನ ಬಾಲ) ಕಾಣುತ್ತಿರಲಿಲ್ಲ. ಮರುದಿನ ಬಂದ ಮೊದಲ ಟಿಕೆಟ್: "ನನ್ನ ಎಲ್ಲ ಫೈಲ್ ಹೆಸರಿನ ಕೊನೆಗೆ ಏನೋ ಸೇರ್ಕೊಂಡಿದೆ, ವೈರಸ್ಸಾ?" ಮ್ಯಾನೇಜರ್ ಆ ಪಾಲಿಸಿ ವಾಪಸ್ ತೆಗೀರಿ ಅಂದಿದ್ದಾರೆ. ಚೇಂಜ್ ರಿಕ್ವೆಸ್ಟ್ ಬರೆದು ಕಳಿಸಿ ಮಾಡ್ತೀನಿ ಅಂದಿದ್ದೇನೆ, ಅವರಿನ್ನೂ ಕಳಿಸಿಲ್ಲ.