ಹಿಚುಕುವ ಕರೆಂಟು

ವಿಜಯಪುರ, 14 ಮಾರ್ಚ್ 2024, ಗುರುವಾರ

ಇವತ್ತು ಬಿ.ಎಸ್ಸಿ. ಕೊನೆ ವರ್ಷದ ಮಕ್ಕಳಿಗೆ ಪಿಂಚ್ ತೋರಿಸಿದೆ, ಅಂದರೆ ಕರೆಂಟು ತನ್ನದೇ ಕಾಂತಕ್ಷೇತ್ರದಿಂದ ತಾನು ಹರಿಯುವ ವಸ್ತುವನ್ನೇ ಒಳಕ್ಕೆ ಹಿಚುಕುವುದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಕತ್ತರಿಸಿದ ಬೆರಳಗಲದ ಎರಡು ಪಟ್ಟಿ, ಒಂದು ಸೆಂಟಿಮೀಟರ್ ಸಂದು, ಒಂದು ಟ್ರ್ಯಾಕ್ಟರ್ ಬ್ಯಾಟರಿ. ಎರಡರಲ್ಲೂ ಒಂದೇ ದಿಕ್ಕಿಗೆ ಕರೆಂಟು ಹರಿಯುವಂತೆ ಜೋಡಿಸಿ ಕ್ಷಣಮಾತ್ರ ತಂತಿ ತಾಗಿಸಿದೆ. ಪಟ್ಟಿಗಳ ನಡು ಒಳಕ್ಕೆ ಬಾಗಿ ಪಟ್ಟನೆ ಅಂಟಿಕೊಂಡವು. ಅಂಟಿದ ಕಡೆ ಸೂಜಿಮೊನೆಯಷ್ಟು ತೂತು, ಅಂಚು ಕಪ್ಪಗೆ ಸುಟ್ಟಿತ್ತು.

"ಮೇಡಂ, ಕೂಡೇಬಿಟ್ವು ನೋಡ್ರಿ!"

ಆಸ್ಟ್ರೇಲಿಯಾದಲ್ಲಿ ಸಿಡಿಲು ಬಡಿದು ನುಗ್ಗಾದ ತಾಮ್ರದ ಕೊಳವೆಯೊಂದನ್ನು ನೋಡಿ, ಹಿಚುಕಿದ್ದು ಕರೆಂಟಿನದೇ ಕಾಂತಕ್ಷೇತ್ರ ಎಂದು ಪೊಲಾಕ್ ಮತ್ತು ಬ್ಯಾರಕ್ಲಫ್ 1905ರಲ್ಲೇ ಗುರುತಿಸಿದ್ದನ್ನು ಹೇಳಿದೆ.

"ಹಂಗಾರ ಪ್ಲಾಸ್ಮಾನೂ ಹಿಂಗ ಹಿಚುಕಿ ಹಿಡಕೊಂಡು ಕೂಡಬಹುದಲ್ರೀ?" ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಪ್ಲಾಸ್ಮಾ ಅಂದರೆ ಅಯಾನು (ಚಾರ್ಜ್ ಇರುವ ಕಣ) ಮತ್ತು ಎಲೆಕ್ಟ್ರಾನುಗಳಾಗಿ ಒಡೆದ, ಕರೆಂಟು ಹರಿಯಬಲ್ಲ ಅನಿಲ. ಹಾಗೆ ಹಿಡಿದು ಕೂಡಲು ಆಗದು, ಎಂದೆ. ಪ್ಲಾಸ್ಮಾ ಕಂಬ ಎಲ್ಲಿ ಒಂದಿಷ್ಟು ಸಣ್ಣಗಾಯಿತೋ ಅಲ್ಲಿ ಮೇಲ್ಮೈಯ ಕಾಂತಕ್ಷೇತ್ರ ಹೆಚ್ಚುತ್ತದೆ, ಇನ್ನಷ್ಟು ಒತ್ತುತ್ತದೆ, ಕುತ್ತಿಗೆ ಇನ್ನೂ ಸಣ್ಣಗಾಗುತ್ತದೆ. ಕಂಬ ಬಾಗಿದರೆ ಬಾಗಿನ ಒಳಮಗ್ಗುಲಲ್ಲಿ ಕ್ಷೇತ್ರ ದಟ್ಟವಾಗಿ ಹೊರಕ್ಕೆ ದೂಡುತ್ತದೆ. ಅನಿಲದೊಳಗೆ ಭಾರಿ ಕರೆಂಟು ಹರಿಸಿ ಇಂಥ ಪಿಂಚ್ ಮಾಡುವ ಪ್ಲಾಸ್ಮಾ ಫೋಕಸ್ ಯಂತ್ರದಲ್ಲಿ ಅದು ಬಾಳುವುದು ಹತ್ತಾರು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್). ಪುಸ್ತಕಗಳಲ್ಲಿ ಅದನ್ನು ನೆಟ್ಟಗಿನ ಕೊಳವೆಯಂತೆ ಬರೆಯುವುದು ನನಗೆ ಸೇರುವುದಿಲ್ಲ. ಯಂತ್ರಕ್ಕೆ ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ತುಂಬಿದಾಗ ಬರುವ ನ್ಯೂಟ್ರಾನ್‌ಗಳಲ್ಲಿ ಬಹುಪಾಲು ಹುಟ್ಟುವುದೇ ಆ ಕುತ್ತಿಗೆ ಹರಿದು ಅಯಾನುಗಳು ಚಿಮ್ಮಿದಾಗ.

ಮನೆಗೆ ಬಂದ ಮೇಲೂ ಪಿಎಚ್.ಡಿ. ದಿನಗಳೇ ತಲೆಯಲ್ಲಿ. ಆಗ ನನ್ನ ಕೆಲಸ ಪ್ಲಾಸ್ಮಾ ಫೋಕಸ್ ಯಂತ್ರದ ಮೇಲೆ. ಅದರಲ್ಲಿ ಆನೋಡಿನ, ಅಂದರೆ ನಡುವಿನ ಧನ ವಿದ್ಯುತ್ತಿನ ಸರಳಿನ, ಬುಡಕ್ಕೆ ತೊಡಿಸಿದ ಒಂದು ಗಾಜಿನ ಕೊಳವೆ. ಚಾರ್ಜ್ ಕೂಡಿಟ್ಟ ಕೆಪಾಸಿಟರ್ ಬ್ಯಾಂಕ್ ಒಮ್ಮೆಲೇ ಬರಿದಾದಾಗ ಕರೆಂಟ್ ಶೀಟ್, ಅಂದರೆ ಕರೆಂಟು ಹೊತ್ತ ಪ್ಲಾಸ್ಮಾದ ತೆಳು ಹಾಳೆ, ಹುಟ್ಟುವುದು ಆ ಗಾಜಿನ ಮೈಮೇಲೆ. ಅಲ್ಲಿಂದ ಎದ್ದು, ಮುಂದಿನ ಅನಿಲವನ್ನು ಗುಡಿಸಿಕೊಂಡು, ಮೈಕ್ರೋಸೆಕೆಂಡಿಗೆ ಹತ್ತಿರಹತ್ತಿರ 10 ಸೆಂಟಿಮೀಟರ್ ವೇಗದಲ್ಲಿ ಓಡಿ, ಆನೋಡಿನ ತುದಿಯಲ್ಲಿ ನಡುವಿಗೆ ಕುಸಿಯುತ್ತದೆ. ಹುಟ್ಟುವಾಗಲೇ ಎಳೆಎಳೆಯಾಗಿ ಬಿಟ್ಟುಕೊಂಡರೆ ಅನಿಲ ಸಂದಿನಲ್ಲಿ ನುಸುಳಿಹೋಗುತ್ತದೆ. ಆಮೇಲೆ ಏನು ಮಾಡಿದರೂ ಒಳ್ಳೆಯ ಪಿಂಚ್ ಸಿಗದು. ಕೊನೆಯ ಕುಸಿತದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಗಾಜಿನ ಮೇಲಿನ ಆ ಮೊದಲ ಗಳಿಗೆಯೇ ಮುಖ್ಯ ಎಂದು ನಾನು ಈಗಲೂ ನಂಬುತ್ತೇನೆ.

ಒಮ್ಮೆ ಗಾಜು ಬಿರುಕು ಬಿಟ್ಟು ಹೊಸದು ಹಾಕಿದ್ದೆವು. ಮೂರು ದಿನ ಶಾಟ್ ಮೇಲೆ ಶಾಟ್ (ಬ್ಯಾಂಕ್ ಒಮ್ಮೆ ಬರಿದು ಮಾಡಿದರೆ ಒಂದು ಶಾಟ್). ಪಿಂಚ್ ಆದಾಗ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಗೆ ಎದುರಾಗುವ ತಡೆ) ದಿಢೀರನೆ ಏರಿ, ಕರೆಂಟು ಅಳೆಯುವ ರೊಗೋವ್ಸ್ಕಿ ಕಾಯಿಲ್‌ನ ಗೆರೆಯಲ್ಲಿ ಚೂಪಾದ ತಗ್ಗು ಬೀಳಬೇಕು. ಬೀಳಲೇ ಇಲ್ಲ. ಹೊಸ ಗಾಜು ಹಾಗೇ, ಹತ್ತಾರು ಶಾಟ್ ತಿಂದು ಹದಕ್ಕೆ ಬರಬೇಕು. ನಾಲ್ಕನೆಯ ದಿನ ಸಂಜೆ ಆಸಿಲೋಸ್ಕೋಪಿನಲ್ಲಿ ತಗ್ಗು ಕಂಡಾಗ ಕಣ್ಣು ತುಂಬಿ ಬಂದಿತ್ತು.

ಕರೆಂಟನ್ನು ಎದುರುಬದುರು ಹರಿಸಿ ನೋಡಬೇಕಂತೆ ಮಕ್ಕಳಿಗೆ. ನಾಳೆ ಹೊಸ ಫಾಯಿಲ್ ಒಯ್ಯಬೇಕು.